ಜೇಬು ತೋರಿಸುವ ವಿದ್ಯೆ

ಹೊಟ್ಟೆ ಕೊಯ್ಯುವ ಡಾಕ್ಟರನ್ನು ಜನ ಕಣ್ಣು ಮುಚ್ಚಿಕೊಂಡು ನಂಬುತ್ತಾರೆ. ಒಳಗಿನದ್ದರಲ್ಲಿ ಏನು ತೆಗೆದೆ, ಏನು ಉಳಿಸಿದೆ ಎಂದು ವಿಚಾರಿಸಿದ ರೋಗಿಯನ್ನು ನಾನಂತೂ ಕಂಡಿಲ್ಲ. ದರ್ಜಿಯ ಕೈಗೆ ಬಟ್ಟೆ ಕೊಟ್ಟು, ಅದರಲ್ಲೇ ಅವನ ಮಗನಿಗೊಂದು ಚಡ್ಡಿ ಹುಟ್ಟುತ್ತದೆಂದು ಗೊತ್ತಿದ್ದೂ ಮನೆಗೆ ಹೋಗಿ ನಿದ್ದೆ ಮಾಡುತ್ತಾರೆ. ರೇಡಿಯೋ ರಿಪೇರಿಯವನ ವಿಷಯ ಬಂದಾಗ ಮಾತ್ರ ಇದೇ ಜನಕ್ಕೆ ನಿದ್ದೆ ಹಾರಿಹೋಗುತ್ತದೆ. ಅವನು ಸ್ಕ್ರೂಡ್ರೈವರ್ ಎತ್ತಿಕೊಂಡನೆಂದರೆ ಸಾಕು, ಒಳಗಿನ ಒಳ್ಳೆಯ ಸಾಮಾನನ್ನೆಲ್ಲ ಬಾಚಿಕೊಂಡು ಹಳೆಯದನ್ನು ತುರುಕಿಯೇ ಬಿಟ್ಟನೆಂದು ತೀರ್ಮಾನ.

ನನ್ನ ರಿಪೇರಿ ಅಂಗಡಿ ಬಂಗಾರಪೇಟೆಯ ರೈಲ್ವೆ ಸ್ಟೇಷನ್ನಿನ ಹತ್ತಿರ. ಚಿನ್ನದ ಗಣಿಯ ಕಡೆಯಿಂದ ಬರುವ ರೈಲು ನಿಂತಿತೆಂದರೆ, ಕಂಬಳಿಯಲ್ಲಿ ಸುತ್ತಿದ ರೇಡಿಯೋವನ್ನು ಬಾಣಂತಿ ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಒಬ್ಬರಾದರೂ ಇಳಿಯುತ್ತಿದ್ದರು. ಗಣಿ ಊರಿನಲ್ಲಿ ರಿಪೇರಿಯವರು ಇರಲಿಲ್ಲವೆಂದಲ್ಲ. ಅವರೆಲ್ಲ ಖಡಕ್ಕು ಮನುಷ್ಯರು, "ಸೆಟ್ಟು ಬಿಟ್ಟು ಹೋಗು, ನಾಳಿದ್ದು ಬಾ" ಎನ್ನುತ್ತಿದ್ದರು. ನಾನು ಮೆತ್ತಗಿನವನೆಂಬ ಸುದ್ದಿ ಉರಿಗಾಂನಿಂದ ಬೇತಮಂಗಲದವರೆಗೆ ಹಬ್ಬಿತ್ತು. ನನ್ನಲ್ಲಿ ಮೇಜಿನ ಎದುರಿಗೇ ಬೆಂಚು ಹಾಕಿಕೊಂಡು ಕೂತು, ಬಿಚ್ಚುವುದರಿಂದ ಮುಚ್ಚುವವರೆಗೆ ಕಾವಲು ಕಾಯಬಹುದಿತ್ತು. ಕಾಯುವವರು ಸುಮ್ಮನೆ ಕಾಯುತ್ತಾರೆಯೇ? ಮಾತು, ಮಾತು, ಮಾತು. ರೇಡಿಯೋ ಕೆಟ್ಟ ದಿನ ಮನೆಯಲ್ಲಿ ಏನು ಸಾರು, ಯಾರು ನೆಂಟರು, ಯಾವ ಹಾಡಿನ ಮಧ್ಯೆ ಉಸಿರು ನಿಂತಿತು, ಎಲ್ಲವನ್ನೂ ಕೇಳಿಸಿಕೊಂಡೇ ನಾನು ಕೈ ಆಡಿಸಬೇಕಾಗಿತ್ತು.

ಇವರಲ್ಲೆಲ್ಲ ಅಗ್ರಗಣ್ಯ ಉರಿಗಾಂನ ಕೂಲಿ ಲೈನುಮನೆಗಳ ಮುನಿಸ್ವಾಮಿ. ಗಣಿಯ ಆಳದಲ್ಲಿ ಕೆಲಸ. ಹೆಂಡತಿ ರಂಗಮ್ಮನನ್ನೂ ಜೊತೆಗೆ ಕರೆತರುತ್ತಿದ್ದ. ಅವಳ ಬಾಯಿಗೆ ಬಿಡುವಿಲ್ಲ, ಅವನ ಕಣ್ಣಿಗೆ ರೆಪ್ಪೆಯಿಲ್ಲ. "ಮುದ್ದೆ ತೊಳಸ್ತಾ ಇದ್ದೆ ಸಾಮಿ, ಗಣಿ ಒಳಗೆ ಎಲ್ಲೋ ಬಂಡೆ ಸಿಡೀತು, ಮನೆ ಗಡಗಡ ಅಂತು, ರೇಡಿಯೋ ಬಾಯಿ ಮುಚ್ಕಂಬುಡ್ತು" ಎಂದು ಅವಳು ಹೇಳಿದರೆ, ನಾನು ಗಾಜಿನ ವಾಲ್ವುಗಳನ್ನು ಒಂದೊಂದಾಗಿ ಒತ್ತಿ ಕೂರಿಸುತ್ತಿದ್ದೆ. ಅಲುಗಾಡಿ ಸಡಿಲವಾಗಿದ್ದ ಯಾವುದೋ ಒಂದು ಕೂತೊಡನೆ ಮದ್ರಾಸು ಸ್ಟೇಷನ್ನು ಗಟ್ಟಿಯಾಗಿ ಮಾತಾಡುತ್ತಿತ್ತು. ಎಲ್ಲ ಮುಗಿದ ಮೇಲೆ ಮುನಿಸ್ವಾಮಿ ಎದ್ದು ನಿಂತು, ಬಹಳ ಮರ್ಯಾದೆಯಿಂದ, "ಸಾಮಿ, ಜೇಬು" ಎನ್ನುತ್ತಿದ್ದ. ನಾನು ಜೇಬುಗಳನ್ನು ಹೊರಕ್ಕೆ ಎಳೆದು ತೋರಿಸಬೇಕು.

ಮೊದಲ ಸಲ ನನಗೆ ಮೈಯೆಲ್ಲ ಉರಿದುಹೋಗಿತ್ತು. "ಏನಯ್ಯಾ, ನನ್ನನ್ನು ಕಳ್ಳ ಅಂತೀಯಾ?" ಎಂದಿದ್ದೆ. ಅವನಿಗೆ ನಿಜವಾಗಿಯೂ ಆಶ್ಚರ್ಯ. "ಅಯ್ಯೋ, ಅದ್ಯಾಕಂಗಂತೀರಾ? ದಿನಾ ಗಣಿಯಿಂದ ಮ್ಯಾಕೆ ಬತ್ತಿದ್ದಂಗೇ ನನ್ ಬಾಯಿ ತಗಸಿ, ನಾಲ್ಗೆ ಎತ್ತಿಸಿ ನೋಡ್ತಾರೆ. ನಾನ್ಯಾವತ್ತಾದ್ರೂ ಬೇಜಾರ್ ಮಾಡ್ಕಂಡಿದ್ದೀನಾ? ಬೆಲೆ ಬಾಳೋ ಸಾಮಾನಿರೋ ಕಡೆ ಕೆಲಸ ಮಾಡಿದ್ಮೇಲೆ ತೋರ್ಸಿ ಓಗೋದು ಕಣ್ ಸಾಮಿ, ಅದೊಂದ್ ಪದ್ಧತಿ." ಎರಡೂ ಜೇಬು ಎಳೆದು ತೋರಿಸಿದೆ. ಆಮೇಲೆ ಉಳಿದವರೂ ಕೇಳತೊಡಗಿದರು. ಕ್ರಮೇಣ ಕೊನೆಯ ಸ್ಕ್ರೂ ತಿರುಗಿಸಿದೊಡನೆ ನನ್ನ ಕೈ ತಾನಾಗಿಯೇ ಜೇಬಿಗೆ ಹೋಗುವಂತಾಯಿತು.

ಒಂದು ದಿನ ಮುಳಬಾಗಿಲಿನಿಂದ ನನ್ನ ಮಾವನವರು ಬಂದಿದ್ದರು. ಅಳಿಯನ ಅಂಗಡಿಯ ವೈಭವವನ್ನು ನೋಡೋಣವೆಂದು ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಅವತ್ತೇ ಮುನಿಸ್ವಾಮಿಯ ಸವಾರಿ ಚಿತ್ತೈಸಬೇಕೇ? ರಿಪೇರಿ ಮುಗಿಸಿ ಜೇಬು ಎಳೆದು ತೋರಿಸುವಾಗ ಎಡಗಡೆಯದರಿಂದ ಒಂದು ಕಡಲೆ ಮಿಠಾಯಿ ಬಿತ್ತು. ಹಲ್ಲುನೋವೆಂದು ನನ್ನ ಹೆಂಡತಿ ಜಯ ನನಗೆ ಮಿಠಾಯಿ ನಿಷೇಧಿಸಿದ್ದಳು. ಮುನಿಸ್ವಾಮಿ ಅದನ್ನೆತ್ತಿ ಬೆಳಕಿಗೆ ಹಿಡಿದು, ಮೂಸಿ, "ಇದು ನಮ್ದಲ್ಲ" ಎಂದು ಮಾವನವರ ಕೈಗೆ ಕೊಟ್ಟ. ಮಾವನವರು, "ಅಳಿಯಂದ್ರೇ, ದಿನಾ ಹೀಗೇನಾ?" ಎಂದರು. ಅಷ್ಟೇ. ಆ 'ಹೀಗೇನಾ' ನನ್ನ ಎದೆಗೆ ನಾಟಿತು. ಸಂಜೆಯೊಳಗೆ ಮಿಠಾಯಿಯ ಸುದ್ದಿ ಅಡಿಗೆಮನೆಯನ್ನೂ ಮುಟ್ಟಿತ್ತು.

ಅವತ್ತು ಹಟ ಹಿಡಿದೆ. ಈ ಜನ ನನ್ನನ್ನು ನಂಬದಿರುವುದು ನಾನು ಓದಿ ಪಾಸಾದವನಲ್ಲವೆಂದೇ. ಬೆಂಗಳೂರಿನಲ್ಲಿ ರೇಡಿಯೋ ತಂತ್ರಜ್ಞರದೊಂದು ಸಂಘವಿತ್ತು. ಅವರ ಬರಹದ ಪರೀಕ್ಷೆ, ಕೈಕೆಲಸದ ಪರೀಕ್ಷೆ ಎರಡರಲ್ಲೂ ಗೆದ್ದರೆ ಸದಸ್ಯತ್ವ, ಚೌಕಟ್ಟು ಹಾಕಿಸಬಹುದಾದ ಸರ್ಟಿಫಿಕೇಟು, ಹೆಸರಿನ ಮುಂದೆ ಇಂಗ್ಲಿಷ್ ಅಕ್ಷರಗಳು. ಅದೊಂದು ಗೋಡೆಯ ಮೇಲೆ ಬಂದರೆ ಬೆಂಚನ್ನು ಒಡೆದು ಸೌದೆಗೆ ಹಾಕುತ್ತೇನೆಂದು ಜಯಳಿಗೆ ಹೇಳಿದೆ. "ಸರ್ಟಿಫಿಕೇಟು ನೋಡಿ ಹಾಲಿನವನೂ ನೀರು ಹಾಕೋದು ಬಿಡ್ತಾನೇನೋ ಕೇಳಿ" ಎಂದಳು. ನಾನು ಜಗ್ಗಲಿಲ್ಲ. ಸೋಲ್ಡರಿಂಗ್ ಕಡ್ಡಿ ಹಿಡಿದು ದಪ್ಪಗಾದ ಬೆರಳುಗಳಿಂದ ಇಂಗ್ಲಿಷ್ ಪುಸ್ತಕದ ಹಾಳೆ ತಿರುಗಿಸಿದೆ. ದಿನಾ ಮುಟ್ಟುತ್ತಿದ್ದ ಸಾಮಾನುಗಳಿಗೆಲ್ಲ ಎಂಥೆಂಥ ಹೆಸರುಗಳಿವೆಯೆಂದು ತಿಳಿದು ಗಾಬರಿಯಾಯಿತು. ಊಟದ ಎಲೆಯ ಮುಂದೆ, ಸ್ನಾನದ ಮನೆಯಲ್ಲಿ ಸೂತ್ರಗಳನ್ನು ಉರುಹೊಡೆದೆ. ಬರಹದ ಪರೀಕ್ಷೆಯನ್ನು ಹೇಗೋ ದಾಟಿದೆ.

ಕೈಕೆಲಸದ ಪರೀಕ್ಷೆಗೆ ಬೆಂಗಳೂರಿಗೆ ಹೋದೆ. ದೊಡ್ಡ ಪರೀಕ್ಷಾ ಹಾಲು. ಒಬ್ಬೊಬ್ಬರಿಗೂ ಒಂದೊಂದು ಮೇಜು, ಮೇಜಿನ ಮೇಲೆ ಒಂದೊಂದು ಮೂಕ ರೇಡಿಯೋ. ಎಲ್ಲರೂ ಗಂಭೀರವಾಗಿ ಬಿಚ್ಚತೊಡಗಿದರು. ನಾನೂ ಬಿಚ್ಚಿದೆ. ಆಮೇಲೆ ಕೈಯೇ ಓಡಲಿಲ್ಲ. ಸದ್ದಿಲ್ಲ, ಮಾತಿಲ್ಲ, ಎದುರಿಗೆ ಕೂತು ದುರುಗುಟ್ಟುವವರಿಲ್ಲ. ಯಾರೂ ಇಲ್ಲದ ಮನೆಗೆ ನುಗ್ಗಿದವನಂತೆ ಅಳುಕಾಯಿತು. ವೇಳೆ ಸರಿಯುತ್ತಿತ್ತು, ಮಾವನವರ 'ಹೀಗೇನಾ' ಕಿವಿಯಲ್ಲಿ ಮೊಳಗುತ್ತಿತ್ತು. ಕೊನೆಗೆ ತಡೆಯಲಾರದೆ ಪರೀಕ್ಷಕರನ್ನು ಕರೆದು, "ಸಾರ್, ಇದು ನಿಂತಾಗ ಮನೆಯಲ್ಲಿ ಏನು ನಡೀತಿತ್ತು?" ಎಂದು ಕೇಳಿದೆ.

"ಯಾರ ಮನೆಯಲ್ಲಿ?" ಎಂದರು ಅವರು, ಕನ್ನಡಕ ಮೇಲೆತ್ತಿ.

"ಈ ಸೆಟ್ಟು ಯಾರದೋ, ಅವರ ಮನೆಯಲ್ಲಿ."

"ಇದಕ್ಕೆ ಮನೆ ಇಲ್ಲ ಕಣ್ರೀ. ಇದನ್ನು ಕೆಡಿಸಿದವನು ನಾನೇ. ಮಾತಾಡದೆ ಕೆಲಸ ಮಾಡಿ."

ಸೋತು ಊರಿಗೆ ಹೋಗುವುದಂತೂ ಸಾಧ್ಯವೇ ಇರಲಿಲ್ಲ. ಖಾಲಿ ಸ್ಟೂಲೊಂದನ್ನು ಎಳೆದು ಎದುರಿಗಿಟ್ಟೆ. ಅದರ ಮೇಲೆ ರಂಗಮ್ಮನನ್ನೂ, ಹಿಂದೆ ಮುನಿಸ್ವಾಮಿಯನ್ನೂ ಮನಸ್ಸಿನಲ್ಲೇ ಕೂರಿಸಿಕೊಂಡೆ. ಅವರ ಪರವಾಗಿಯೂ ನಾನೇ ಗೊಣಗಿದೆ: "ದೀಪ ಅತ್ಕಂತದೆ ಸಾಮಿ. ವಾಲ್ವು ಬೆಚ್ಚಗಾಯ್ತದೆ. ಗೊರ್ ಅಂತ ಕೂಡ ಅನ್ನಲ್ಲ, ಪೂರಾ ಮೂಗಿ." ಗೊರ್ ಕೂಡ ಇಲ್ಲವೆಂದರೆ ತೊಂದರೆ ಸ್ಪೀಕರಿನ ಕಡೆಗೇ ಇರಬೇಕು! ಕೈಗೆ ಜೀವ ಬಂತು. ಸ್ಪೀಕರಿಗೆ ಹೋಗುವ ತಂತಿ ಮೇಲಿನ ಹೊದಿಕೆಯೊಳಗೇ ತುಂಡಾಗಿತ್ತು. ಬೆಸುಗೆ ಹಾಕಿದೆ. ರೇಡಿಯೋ ಹಾಡಿತು. ಹಾಲಿಗೆ ಹಾಲೇ ತಿರುಗಿ ನೋಡಿತು.

ಪರೀಕ್ಷಕರು ಮುಗುಳ್ನಗುತ್ತ ಬಂದರು. ನಾನು ಕೊನೆಯ ಸ್ಕ್ರೂ ಬಿಗಿ ಮಾಡಿ, ಎದ್ದು ನಿಂತು, ಎರಡೂ ಜೇಬುಗಳನ್ನು ಹೊರಕ್ಕೆ ಎಳೆದು ಅವರಿಗೆ ತೋರಿಸಿದೆ. ಕಡಲೆ ಮಿಠಾಯಿ ಅವರ ಬೂಟಿನ ಮೇಲೆ ಬಿತ್ತು.

"ಏನ್ರೀ ಇದು?"

"ಪದ್ಧತಿ ಸಾರ್" ಎಂದೆ.

ಅವರು ಏನು ತಿಳಿದುಕೊಂಡರೋ, ಪಾಸಂತೂ ಮಾಡಿದರು. ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ ಬೆಂಚಿನ ನೇರಕ್ಕೆ ತೂಗುಹಾಕಿದೆ. ಬೆಂಚನ್ನು ಮಾತ್ರ ಒಡೆಯಲಿಲ್ಲ. ಪರೀಕ್ಷಾ ಹಾಲಿನ ಆ ಮೌನ ಕಂಡ ಮೇಲೆ ಅದಕ್ಕೆ ಮನಸ್ಸು ಬರಲಿಲ್ಲ. ಜನ ಕೂರಲಿ, ಮಾತಾಡಲಿ, ಜೇಬು ನೋಡುವುದೊಂದು ನಿಂತರೆ ಸಾಕೆಂದುಕೊಂಡೆ.

ಮುನಿಸ್ವಾಮಿ ದಂಪತಿಗಳು ಬಂದರು. ಅವನು ಚೌಕಟ್ಟನ್ನು ಬಹಳ ಹೊತ್ತು ನೋಡಿ, "ಏನ್ ಸಾಮಿ ಇದು?" ಎಂದ. ನಾನು ಎದೆಯುಬ್ಬಿಸಿ ವಿವರಿಸಿದೆ: ರೇಡಿಯೋದ ಒಳಗಿನ ಒಂದೊಂದು ಸಾಮಾನಿನ ಗುಣವನ್ನೂ ನಾನು ಬಲ್ಲೆನೆಂದು ದೊಡ್ಡವರೇ ಬರೆದು ಕೊಟ್ಟಿದ್ದಾರೆ.

"ಸರಿ, ಸರಿ" ಎಂದು ತಲೆದೂಗಿದ. ಅವನ ಮುಖದಲ್ಲಿ ಹಿಂದೆಂದೂ ಕಾಣದ ಗೌರವವಿತ್ತು. ನನ್ನ ಕಣ್ಣು ಒದ್ದೆಯಾದದ್ದೂ ಸುಳ್ಳಲ್ಲ. ರಿಪೇರಿ ಮುಗಿಯಿತು. ನಾನು ಬೇಕೆಂದೇ ಕೈಕಟ್ಟಿ ನಿಂತೆ.

"ಸಾಮಿ, ಜೇಬು" ಎಂದ. ಆಮೇಲೆ ತಗ್ಗಿದ ದನಿಯಲ್ಲಿ, "ಚಪ್ಪಲೀನೂ."

"ಚಪ್ಪಲಿ ಯಾಕಯ್ಯಾ?"

"ಗಣೀಲೂ ಅಂಗೇ ಸಾಮಿ. ನಮ್ಮಂತ ಕೂಲಿಯೋರ್ಗೆ ಬಾಯಿ ನೋಡಿ ಬುಡ್ತಾರೆ. ಕಲ್ಲ್ಯಾವ್ದು ಚಿನ್ನ ಯಾವ್ದು ಅಂತ ತಿಳ್ದೋರ್ಗೆ ಚಪ್ಪಲೀನೂ ಬಿಚ್ಚಸ್ತಾರೆ. ಇಷ್ಟ್ ದಿನ ನಿಮ್ಗೇನ್ ಗೊತ್ತಿತ್ತು, ಪಾಪ! ಈಗ ಗೊತ್ತೈತಲ್ಲ. ಏ ರಂಗಿ, ನೀನು ಆ ಕಡೆಯಿಂದ ನೋಡು."

ಚಪ್ಪಲಿ ಬಿಚ್ಚಿ, ತಿರುಗಿಸಿ ತೋರಿಸಿದೆ. ಯೋಚಿಸಿ ನೋಡಿದರೆ, ಸಂಘದವರು ಒಪ್ಪಿಕೊಂಡ ನನ್ನ ವಿದ್ಯೆಯನ್ನು ಊರಿನಲ್ಲಿ ಮನಸಾರೆ ಒಪ್ಪಿಕೊಂಡವನು ಅವನೊಬ್ಬನೇ. ಅಂದಿನಿಂದ ನಾನು ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಅಂಗಡಿ ಹತ್ತುತ್ತೇನೆ, ತಪಾಸಣೆ ಬೇಗ ಮುಗಿಯುತ್ತದೆ. ಕಡಲೆ ಮಿಠಾಯಿ ಈಗ ಸರ್ಟಿಫಿಕೇಟಿನ ಚೌಕಟ್ಟಿನ ಹಿಂದೆ ಇರುತ್ತದೆ. ಅಲ್ಲಿ ಮುನಿಸ್ವಾಮಿಯೂ ಹುಡುಕುವುದಿಲ್ಲ, ಜಯಳೂ ಹುಡುಕುವುದಿಲ್ಲ.