ವಜ್ರಧಾರಾ ಷೇರಿಗಾಗಿ ಬೀಗರ ಕದನ

ಕ್ಷಣಕ್ಕೆ ಹಸುರಾಗಿ ಮರುಕ್ಷಣಕ್ಕೆ ಕೆಂಪಾಗುವ ಅಂಕಿಗಳ ಮೇಲೆ ನರ್ತಿಸುವ ಎಲೈ ಚಂಚಲೆಯೇ, ಅಂಗೈಯಗಲದ ಮೊಬೈಲಿನಲ್ಲಿ ಮನುಷ್ಯರು ಮಹಾಪೇಟೆಯನ್ನೇ ಹೊತ್ತು ತಿರುಗುವ ಈ ಯುಗದಲ್ಲಿ ಇಬ್ಬರು ಬೀಗರ ನಡುವೆ ನಡೆದ ಘೋರ ಕದನವನ್ನು ಹೇಳಲು ಬೇಕಾದಷ್ಟು ಉಸಿರನ್ನು ನನಗೆ ಕರುಣಿಸು.

ಹುಬ್ಬಳ್ಳಿಯಲ್ಲಿ ಚನ್ನವೀರಪ್ಪನೆಂಬ ಶೂರನಿದ್ದ. ಸ್ಟೀಲ್ ಪಾತ್ರೆಯಂಗಡಿಯ ಅಧಿಪತಿ, ಕೊಡ-ತಾಟು-ಲೋಟ-ಸಾಮ್ರಾಜ್ಯ-ಧುರಂಧರ. ವಜ್ರಧಾರಾ ಎಂಬ ಪಂಪ್‌ಸೆಟ್ ಕಂಪನಿಯ ಷೇರು ಗಗನವನ್ನು ಚುಂಬಿಸುತ್ತಿದ್ದ ಗಳಿಗೆಯಲ್ಲಿ, ಅದು ಗಗನವನ್ನೂ ದಾಟುವುದೆಂದು ಘರ್ಜಿಸಿ, ಒಂದಕ್ಕೆ ನೂರಾ ಹದಿನೆಂಟು ರೂಪಾಯಿ ಕೊಟ್ಟು ಕೊಂಡ. ಧಾರವಾಡದ ಬೀಗ, ನಿವೃತ್ತ ಕಂಡಕ್ಟರ್ ಶಿವಲಿಂಗಪ್ಪನಿಗೂ ಕೊಳ್ಳಲು ಹೇಳಿದ. ವಿಳಂಬ-ವಿಚಾರ-ಚಕ್ರವರ್ತಿಯಾದ ಶಿವಲಿಂಗಪ್ಪ ಯೋಚಿಸಿದ, ಮತ್ತೂ ಯೋಚಿಸಿದ. ಅವನು ಯೋಚಿಸಿ ಮುಗಿಸುವ ಹೊತ್ತಿಗೆ ಷೇರು ಪಾತಾಳ ಕಂಡಿತ್ತು. ಅವನಿಗೆ ನಲವತ್ತಕ್ಕೇ ಸಿಕ್ಕಿತು. ಅಂದಿನಿಂದ ಅವನ ಆಲಸ್ಯಕ್ಕೆ ದೂರದೃಷ್ಟಿ ಎಂಬ ಬಿರುದಾಯಿತು. ಬಿರುದು ಕೊಟ್ಟವನೂ ಅವನೇ.

ಮೊಮ್ಮಗಳ ಹುಟ್ಟುಹಬ್ಬಕ್ಕೆಂದು ಚನ್ನವೀರಪ್ಪ ಧಾರವಾಡಕ್ಕೆ ಬಂದ ಶುಕ್ರವಾರ, ಬೀಗರಿಬ್ಬರೂ ಹೋಳಿಗೆಯ ತಾಟಿನ ಮುಂದೆ ಕುಳಿತಿದ್ದಾಗ, ಷೇರು ಎಂಬತ್ತಕ್ಕೆ ಏರಿತು. ಅಂಕಿ ಒಂದೇ, ಆದರೆ ಅದನ್ನು ಕಂಡು ಒಬ್ಬನ ಮುಖ ಹುಣ್ಣಿಮೆಯಾಯಿತು, ಇನ್ನೊಬ್ಬನದು ಗ್ರಹಣ.

"ದುಪ್ಪಟ್ಟಾತು ಬೀಗರ! ಈಗ ಮಾರಿ ಒಗದುಬಿಡ್ತೀನಿ," ಎಂದು ಶಿವಲಿಂಗಪ್ಪ ಮೊಬೈಲಿನ ಮೇಲೆ ಬಾಣವೆತ್ತಿದಂತೆ ತೋರುಬೆರಳೆತ್ತಿದ.

ಚನ್ನವೀರಪ್ಪ ತುಪ್ಪದ ಕೈಯಿಂದಲೇ ಆ ಮುಂಗೈಯನ್ನು ಹಿಡಿದ. "ಆ ಬಟನ್ ಮುಟ್ಟಬ್ಯಾಡ್ರಿ! ನಿಮ್ಮಂಥವ್ರು ಮಾರಿ ಮಾರಿನ ಅದು ಏಳವಲ್ದು. ನೂರಾ ಹದಿನೆಂಟು ಕಾಣೋತನಕ ನಾ ಒಂದು ಷೇರೂ ಬಿಡಾವಲ್ಲ. ನೀವೇನರ ಮಾರಿದ್ರಿ ಅಂದ್ರ ನಾ ಈ ತಾಟಿಗೆ ಕೈ ಹಚ್ಚಾಂಗಿಲ್ಲ!"

"ನನ್ನ ಷೇರು ನಾ ಮಾರಿದ್ರ ನಿಮಗೇನ್ರಿ ತ್ರಾಸು?"

"ನೀವು ಲಾಭ ಎಣಿಸಿಕೋತ ಕುಂತ್ರ, ಅದನ್ನ ನೋಡಿಕೋತ ನಾ ಹೆಂಗ ಹೋಳಗಿ ತಿನ್ನಲಿ?"

ಆಗ ಚನ್ನವೀರಪ್ಪನ ಮಗಳೂ ಶಿವಲಿಂಗಪ್ಪನ ಸೊಸೆಯೂ ಆದ ಶಶಿಕಲಾ, ತುಪ್ಪದ ಚಮಚ ಹಿಡಿದು ಎರಡು ಸೇನೆಗಳ ನಡುವೆ ಬಂದು ನಿಂತಳು. "ಮಾವಾರ, ಇವತ್ತೊಂದಿನ ಬಿಡ್ರಿ. ಹೋಳಗಿ ಆರತಾವು."

ಮನೆಗೆ ಬಂದ ಬೀಗ ಉಪವಾಸ ಎದ್ದನೆಂಬ ಅಪಕೀರ್ತಿಗೆ ಅಂಜಿ ಶಿವಲಿಂಗಪ್ಪ ಮೊಬೈಲನ್ನು ಕೆಳಗಿಟ್ಟ. ಇಟ್ಟದ್ದೇ ತಡ, ಷೇರು ಜಾರಿತು. ಅರವತ್ತೆರಡಕ್ಕೆ ಬಂದು ನಿಂತಿತು. ಈಗಲೂ ಅವನು ಲಾಭದಲ್ಲೇ ಇದ್ದ. ಆದರೂ, "ಹದಿನೆಂಟು ರೂಪಾಯಿ ಹೋತಲ್ಲೋ!" ಎಂದು ಬುಡ ಕಡಿದ ಮರದಂತೆ ಮಂಚಕ್ಕೆ ಒರಗಿದ. ಐವತ್ತಾರು ಕಳೆದುಕೊಂಡಿದ್ದ ಚನ್ನವೀರಪ್ಪನಿಗೆ ಆ ಗೋಳಾಟವನ್ನು ಕೇಳಿ ಎಷ್ಟೋ ದಿನಗಳ ಮೇಲೆ ಎದೆ ಹಗುರಾಯಿತು. ಇನ್ನೊಂದು ಹೋಳಿಗೆ ಹಾಕಿಸಿಕೊಂಡ.

ಬೀಗರ ನಡುವೆ ಮಾತು ನಿಂತಿತು. ಷೇರು ಮತ್ತೆ ಎಂಬತ್ತೊಂದಾದ ದಿನ ಶಿವಲಿಂಗಪ್ಪ ಯಾರಿಗೂ ಹೇಳದೆ ಎಲ್ಲವನ್ನೂ ಮಾರಿದ. ಯೋಚಿಸದೆ ಅವನು ಮಾಡಿದ ಏಕೈಕ ಕಾರ್ಯವದು. ಅದಕ್ಕೇ ಕಾಯುತ್ತಿತ್ತೋ ಎಂಬಂತೆ ಷೇರು ಏರತೊಡಗಿತು. ಏರಿ ಏರಿ ಒಂದು ದಿನ ನೂರಾ ಹದಿನೆಂಟನ್ನು ಮುಟ್ಟಿತು. ಚನ್ನವೀರಪ್ಪ ಹಾಕಿದ ಕೇಕೆಗೆ ಅಂಗಡಿಯ ಕೊಡಗಳು ಝೇಂಕರಿಸಿದವು. ಅದೇ ಬೆಲೆಗೆ ಮಾರಿದ ಅರಿವಿಜಯಿ ಧಾರವಾಡದ ಬಸ್ಸು ಹತ್ತಿದ, ಇಳಿದೊಡನೆ ದೊಡ್ಡ ಪೆಟ್ಟಿಗೆ ಪೇಡೆ ಕಟ್ಟಿಸಿದ, ಬೀಗರ ಓಣಿಗೆಲ್ಲ ಹಂಚುತ್ತ ಮನೆ ಹೊಕ್ಕ.

ಒಳಗೆ, ಹಣ ದುಪ್ಪಟ್ಟಾದ ಶಿವಲಿಂಗಪ್ಪ ಸೂತಕದವನಂತೆ ಗೋಡೆಗೆ ಮುಖಮಾಡಿ ಮಲಗಿದ್ದ.

"ಅಪ್ಪಾ, ಲಾಭ ಎಷ್ಟಾತು?" ಎಂದಳು ಶಶಿಕಲಾ.

"ಲಾಭ ಎಲ್ಲೀದವ್ವಾ? ನನ್ನ ರೊಕ್ಕ ನನಗ ಬಂತು!"

"ಮತ್ತ ಈ ಪೇಡೇದ ರೊಕ್ಕ?"

ಧುರಂಧರ ಪೆಟ್ಟಿಗೆಯ ಮುಚ್ಚಳ ತೆಗೆದ. ಪೆಟ್ಟಿಗೆಯಲ್ಲಿ ಎರಡೇ ಪೇಡೆ ಉಳಿದಿದ್ದವು. ಗೋಡೆಯ ಕಡೆಯಿಂದ ಒಂದು ಕೈ ಮೆಲ್ಲಗೆ ಚಾಚಿತು. ಚನ್ನವೀರಪ್ಪ ಒಂದು ಪೇಡೆಯನ್ನು ತನ್ನ ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಮುರಿದು, ಅರ್ಧವನ್ನು ಬೀಗನ ಕೈಯಲ್ಲಿಟ್ಟ.