ಅಮ್ಮನ ಬಳೆ ಮತ್ತು ಮುಳ್ಳಿಲ್ಲದ ಗಡಿಯಾರ

ನವರಾತ್ರಿಯ ಹಿಂದಿನ ದಿನ, ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ಕಿದ್ವಾಯಿ ನಗರದ ನಮ್ಮ ಸರ್ಕಾರಿ ಕ್ವಾರ್ಟರ್ಸಿನ ಹಾಲ್‌ನಲ್ಲಿ, ಎರಡು ಸ್ಪೀಕರುಗಳಿಂದ ಸರಿಯಾಗಿ ಏಳು ಅಡಿ ದೂರದಲ್ಲಿ ನಾನು ನಿಂತಿದ್ದೆ. ಕೂರಬಹುದಿತ್ತು; ಆದರೆ ಸೋಫಾದ ಮೇಲೆ ಗೊಂಬೆಗಳು ಕೂತಿದ್ದವು. ನನ್ನ ಕಣ್ಣಿಗೆ ಹೆಂಡತಿಯ ದುಪಟ್ಟಾ ಕಟ್ಟಲಾಗಿತ್ತು. ಆದ್ದರಿಂದ ಕಂಡದ್ದನ್ನು ಹೇಳಲಾರೆ, ಕೇಳಿದ್ದನ್ನು ಮಾತ್ರ ಹೇಳುತ್ತೇನೆ.

ವಿವಾದದ ವಸ್ತು ಒಂದು ಕಪ್ಪು ಡಬ್ಬಿ. ಕಂಪ್ಯೂಟರಿನಲ್ಲಿರುವ ಹಾಡು ಎಂದರೆ ಬರೀ ಅಂಕಿಗಳು. ಅವು ಒಂದರ ಹಿಂದೊಂದು ಸರಿಯಾದ ಹೊತ್ತಿಗೆ ಹೊರಬರಲೆಂದು ಪ್ಲೇಯರಿನೊಳಗೆ ಒಂದು ಪುಟ್ಟ ಗಡಿಯಾರ ಇರುತ್ತದೆ. ಹೊರಗಿನಿಂದ ಇನ್ನೂ ಕರಾರುವಾಕ್ಕಾದ ಗಡಿಯಾರವನ್ನು ಜೋಡಿಸಿದರೆ ಹಾಡು ಸ್ವಚ್ಛವಾಗುತ್ತದೆ ಎಂದು ಎಲ್ಲೋ ಓದಿ ಈ ಡಬ್ಬಿ ತರಿಸಿದ್ದೆ.

"ಒಳಗೆ ಒಂದಿದೆ ಅಂದ್ಮೇಲೆ ಇನ್ನೊಂದ್ಯಾಕ್ರೀ?" ಎಂದಳು ನನ್ನ ಹೆಂಡತಿ ವಸುಧಾ.

"ಒಳಗಿನದು ಸ್ವಲ್ಪ ಹಿಂದೆ ಮುಂದೆ ಆಗುತ್ತೆ."

"ಎಷ್ಟು?"

"ಒಂದು ಸೆಕೆಂಡನ್ನ ಲಕ್ಷ ಕೋಟಿ ಭಾಗ ಮಾಡಿದ್ರೆ, ಅದ್ರಲ್ಲಿ ಕೆಲವು ಭಾಗ."

"ನೀವು ಆಫೀಸಿಂದ ಎರಡು ಗಂಟೆ ಲೇಟಾಗಿ ಬಂದ್ರೂ ನಾನು ಸುಮ್ನಿರ್ತೀನಲ್ಲ!"

ಕೆಳಗಿನ ಮನೆಯ ಮಾಚಯ್ಯನವರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೊಡಗಿನವರು, ಸೈನ್ಯದಿಂದ ನಿವೃತ್ತರಾಗಿ ಮಗಳ ಜೊತೆ ಇದ್ದಾರೆ. "ಮುಳ್ಳೇ ಇಲ್ಲವಲ್ಲ ಶ್ರೀಧರ್! ನಮ್ಮ ಯೂನಿಟ್ಟಿನಲ್ಲಿ ಇದನ್ನ ಇಟ್ಟಿದ್ರೆ ಪರೇಡಿಗೆ ಒಬ್ಬನೂ ಬರ್ತಿರಲಿಲ್ಲ."

ನಗಲಿ. ನನ್ನ ಬಳಿ ಅಮ್ಮನ ದನಿ ಇರುವುದು ಒಂದೇ ಒಂದು ಹಾಡಿನಲ್ಲಿ. ಗೊಂಬೆಗಳಿಗೆ ಆರತಿ ಎತ್ತುತ್ತಾ ಹಾಡಿದ್ದು. ಹಳೆಯ ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸಿದ್ದು. ಅಮ್ಮ ಈಗಿಲ್ಲ. ಆರತಿ ಎತ್ತುವ ಕೈಯ ಬಳೆಗಳು ಸದ್ದು ಮಾಡಿರಲೇಬೇಕು. ಆದರೆ ಎಷ್ಟು ವರ್ಷ ಕೇಳಿದರೂ ಬಳೆ ಕೇಳಿಸಿರಲಿಲ್ಲ. ಈ ಡಬ್ಬಿ ಅದನ್ನು ಹೊರತರುತ್ತದೆ ಎಂದು ನಾನು ನಂಬಿದ್ದೆ.

ಸಮಸ್ಯೆ ಒಂದೇ. ಡಬ್ಬಿ ಕೂತಿದ್ದು ಶೆಲ್ಫಿನ ನಡುವಿನ ಹಲಗೆಯ ಮೇಲೆ. ನವರಾತ್ರಿಗೆ ಅದು ಪಟ್ಟದ ಗೊಂಬೆಗಳ, ಎಂದರೆ ರಾಜ ರಾಣಿಯರ ಜಾಗ. ಡಬ್ಬಿಯನ್ನು ಹಿಂದಿರುಗಿಸಲು ಮರುದಿನವೇ ಕೊನೆ. ಆದ್ದರಿಂದ ಒಪ್ಪಂದವಾಯಿತು: ಕಣ್ಣು ಕಟ್ಟಿ ಪರೀಕ್ಷೆ. ಗೆದ್ದರೆ ಡಬ್ಬಿ, ಸೋತರೆ ರಾಜ ರಾಣಿ.

ಮಾಚಯ್ಯನವರು ಮೂರು ಚೀಟಿ ಬರೆದರು. ಶೆಲ್ಫಿಗೆ ಬೆಡ್‌ಶೀಟು ಇಳಿಬಿಟ್ಟು ವಸುಧಾ ಅದರ ಹಿಂದೆ ಕೂತಳು. ಹಾಡು ನಡೆಯುವಾಗ ಚೀಟಿಯಲ್ಲಿ 'ಆನ್' ಎಂದಿದ್ದರೆ ಡಬ್ಬಿಯ ಗುಂಡಿ ಒತ್ತಬೇಕು, ಹಾಡು ಮುಗಿದ ಮೇಲೆ ಆರಿಸಬೇಕು. 'ಆಫ್' ಎಂದಿದ್ದರೆ ಕೈಕಟ್ಟಿ ಕೂರಬೇಕು.

ಮೊದಲ ಸಲ ಅಮ್ಮ ಎಂದಿನಂತೆ ಹಾಡಿದಳು. "ಆಫ್," ಎಂದೆ, ತೀರ್ಪು ಓದುವವನಂತೆ.

ಎರಡನೆಯ ಸಲ, ಎರಡನೆಯ ಸಾಲಿನ ಕೊನೆಯಲ್ಲಿ, ಝಣ್ ಎಂದು ಬಳೆ ಕೇಳಿಸಿತು!

ದುಪಟ್ಟಾದ ಕತ್ತಲಲ್ಲಿ ನಮ್ಮ ಹಳೆಯ ಮನೆಯ ಹಾಲ್ ಬೆಳಗಿತು. ತುಪ್ಪದ ಬತ್ತಿಯ ವಾಸನೆ ಬಂತು. ಅಮ್ಮನ ಕೈ ನನ್ನಿಂದ ಒಂದು ಮಾರು ದೂರದಲ್ಲಿ ನಿಧಾನವಾಗಿ ಸುತ್ತುತ್ತಿತ್ತು. ನಾನು ಹಾಗೇ ತೇಲುತ್ತಿದ್ದೆ. ಹಾಡು ಮುಗಿದ ಮೇಲೂ ಇನ್ನೊಮ್ಮೆ ಬಳೆ ಕೇಳಿಸಿತು. ಅದನ್ನು ಉಪಕರಣದ ಔದಾರ್ಯ ಎಂದುಕೊಂಡೆ.

"ಆನ್!" ಎಂದೆ.

ಮೂರನೆಯ ಸಲ ಬಳೆ ಇಲ್ಲ. "ಆಫ್."

"ಆಫ್, ಆನ್, ಆಫ್. ಮೂರಕ್ಕೆ ಮೂರೂ ಸರಿ!" ಎಂದರು ಮಾಚಯ್ಯನವರು. ಅವರ ದನಿಯಲ್ಲಿ ಸೆಲ್ಯೂಟ್ ಇತ್ತು.

ನಾನು ಕಣ್ಣಿನ ಕಟ್ಟನ್ನು ಬಿಚ್ಚದೆಯೇ ಭಾಷಣ ಆರಂಭಿಸಿದೆ. ಕಾಲದ ಶುದ್ಧತೆ, ಕಿವಿಯ ಸಂಸ್ಕಾರ, ಸಂದೇಹ ಪಡುವವರ ಅಜ್ಞಾನ, ಎಲ್ಲವೂ ಬಂದವು. ಸುಮಾರು ನಾಲ್ಕು ನಿಮಿಷ.

"ಪಪ್ಪಾ, ಏಕ್ ಮಿನಿಟ್," ಎಂದಳು ಒಂಬತ್ತನೇ ಕ್ಲಾಸಿನ ಮಗಳು ಅನನ್ಯಾ. ಬೆಡ್‌ಶೀಟು ಸರಿದ ಸದ್ದಾಯಿತು. "ಇದರ ಪ್ಲಗ್ಗೇ ಹಾಕಿಲ್ಲ."

ದುಪಟ್ಟಾ ಬಿಚ್ಚಿದೆ. ಡಬ್ಬಿಯ ದೀಪ ಆರಿತ್ತು. ಅದರ ಸಾಕೆಟ್ಟಿನಲ್ಲಿ ಗೊಂಬೆಗಳ ಸೀರಿಯಲ್ ಲೈಟು ಮಿಣುಕುತ್ತಿತ್ತು.

"ಅಯ್ಯೋ, ಬೆಳಿಗ್ಗೆ ಲೈಟ್ ಹತ್ತುತ್ತಾ ನೋಡೋಣ ಅಂತ ತೆಗ್ದಿದ್ದೆ, ಮರ್ತೇಬಿಟ್ಟೆ," ಎಂದಳು ವಸುಧಾ. "ಗುಂಡಿ ಮಾತ್ರ ಚೀಟಿ ಪ್ರಕಾರವೇ ಒತ್ತಿದೀನಿ ಕಣ್ರೀ."

"ಹಾಗಾದ್ರೆ ಬಳೆ?"

ಅವಳು ಕೈ ಚಾಚಿ ಡಬ್ಬಿಯ ಗುಂಡಿ ಒತ್ತಿದಳು. ಝಣ್!

ಅವಳ ಕೈಯಲ್ಲಿದ್ದವು ಸವೆದ ನಾಲ್ಕು ಚಿನ್ನದ ಬಳೆಗಳು.

"ಹಬ್ಬ ಅಂತ ಇವತ್ತೇ ತೆಗೆದು ಹಾಕ್ಕೊಂಡೆ," ಎಂದಳು ಮೆಲ್ಲಗೆ. "ಅತ್ತೆಯವರದ್ದು."

ಮಾಚಯ್ಯನವರು ಕೆಮ್ಮಿದರು. "ಅಂದ್ರೆ ಶ್ರೀಧರ್, ನಿಮ್ಮ ಕಿವಿ ಸರಿ ಇದೆ. ಉಳಿದದ್ದೇ ಚೆಕ್ ಮಾಡಿಸ್ಬೇಕು."

ಮರುದಿನ ಕೊರಿಯರ್ ಭಯ್ಯಾ ಡಬ್ಬಿಯನ್ನು ಒಯ್ದ. ಸಂಜೆ ರಾಜ ರಾಣಿಯರ ಮುಂದೆ ವಸುಧಾ ಆರತಿ ಎತ್ತಿದಳು, ಸ್ಪೀಕರಿನಲ್ಲಿ ಅಮ್ಮ ಹಾಡಿದಳು. ಬಳೆ ಎಲ್ಲಿ ಕೇಳಬೇಕೋ ಅಲ್ಲೇ ಕೇಳಿತು. ಲಕ್ಷ ಕೋಟಿಯಲ್ಲಿ ಎಷ್ಟು ಭಾಗ ತಪ್ಪಿತೋ ನಾನು ಲೆಕ್ಕ ಹಾಕಲಿಲ್ಲ.

ಆ ಭಾನುವಾರ ನನ್ನ ಭಾಷಣವನ್ನು ಕಣ್ಣಾರೆ ಕಂಡವರು ಮೂವರು: ನನ್ನ ಹೆಂಡತಿ ವಸುಧಾ, ಮಗಳು ಅನನ್ಯಾ, ಕೆಳಗಿನ ಮನೆಯ ಮಾಚಯ್ಯ. ದೇವರ ದಯೆಯಿಂದ ಮೂವರೂ ಚೆನ್ನಾಗಿದ್ದಾರೆ. ಮೂವರ ಜ್ಞಾಪಕಶಕ್ತಿಯೂ ಚೆನ್ನಾಗಿದೆ. ಗೊಂಬೆ ನೋಡಲು ಬಂದವರಿಗೆಲ್ಲ ಮೊದಲು ಇದನ್ನು ಹೇಳಿ, ಆಮೇಲೆ ಗೊಂಬೆ ತೋರಿಸಿದರು.