ಆಕಾಶ ಹೇಳಿ ಮಲಗಿಸುವ ಕೆಲಸ

ಆಸ್ಪತ್ರೆಯಲ್ಲಿ ನಗಬಾರದು ಎನ್ನುತ್ತಾರೆ. ಹಾಗೆ ಹೇಳುವವರು ಸುಳ್ಯ ಪೇಟೆಯ ನಮ್ಮ ಡಾಕ್ಟ್ರ ಕ್ಲಿನಿಕ್ಕಿನಲ್ಲಿ ಒಂದು ವಾರ ಕೂತು ನೋಡಬೇಕಿತ್ತು. ಅಲ್ಲಿ ದಿನಕ್ಕೊಂದು ನಗುವಂಥದ್ದು ಆಗದಿದ್ದರೆ ನಾನು ಮೀಸೆ ಬೋಳಿಸಿಕೊಳ್ಳುತ್ತಿದ್ದೆ. ಆಗುವಾಗ ಮಾತ್ರ ನನಗೆ ನಗು ಬಂದದ್ದಿಲ್ಲ. ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ.

ರಷ್ಯಾದವರು ಮನುಷ್ಯನನ್ನು ಆಕಾಶಕ್ಕೆ ಕಳಿಸಿದ ಮರುವರ್ಷ ಅದು. ನಾನು ಲೆಕ್ಕ ಬರೆಯುತ್ತಿದ್ದ ಬೀಡಿ ಕಂಪೆನಿಯ ಬ್ರಾಂಚು ಮುಚ್ಚಿತ್ತು. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು. ಡಾಕ್ಟ್ರಿಗೆ ಒಬ್ಬ ಕಂಪೌಂಡರ್ ಬೇಕು ಎಂದು ಕೇಳಿ ಓಡಿದೆ. ಅವರು ನನ್ನ ಎರಡೂ ಕೈ ಮುಂದೆ ಚಾಚಿಸಿ ನೋಡಿದರು. ಬೆರಳು ನಡುಗುತ್ತಿತ್ತು. ಒಂದು ತಿಂಗಳು ನೋಡುವ, ನಡುಕ ನಿಲ್ಲದಿದ್ದರೆ ಬೇರೆ ಕೆಲಸ ಹುಡುಕಿಕೋ ಎಂದರು. ನಡುಗಬಾರದು ಎಂದು ಹೆದರಿಸಿದರೆ ಯಾರ ಕೈ ತಾನೇ ನಡುಗದೆ ಇದ್ದೀತು!

ಡಾಕ್ಟ್ರಿಗೆ ಆಕಾಶದ ಹುಚ್ಚು. ನಿದ್ದೆ ಬಾರದವರಿಗೆ ಗುಳಿಗೆ ಕೊಡುತ್ತಿರಲಿಲ್ಲ, ಹೊಲಿಗೆಗೆ ಹೆದರುವವರನ್ನು ಗದರುತ್ತಲೂ ಇರಲಿಲ್ಲ. ಬೆಂಚಿನಲ್ಲಿ ಮಲಗಿಸಿ ಮೆಲ್ಲಗೆ ಚಂದ್ರ, ಸೂರ್ಯ, ಗ್ರಹಗಳ ವಿಷಯ ಹೇಳುತ್ತಿದ್ದರು. ಅಷ್ಟು ದೂರದ್ದನ್ನು ಯೋಚಿಸುವಾಗ ಹತ್ತಿರದ ನೋವು ಮರೆತುಹೋಗುತ್ತದೆ ಎಂದು ಅವರ ಲೆಕ್ಕಾಚಾರ. ಅವರು ಹೇಳಿದರೆ ಐದೇ ನಿಮಿಷದಲ್ಲಿ ಗೊರಕೆ ಕೇಳುತ್ತಿತ್ತು. ಆಕಾಶದ ವಿಷಯವೆಲ್ಲ ಬರೆದಿಟ್ಟ ಒಂದು ನೋಟುಬುಕ್ಕು ಕೊಟ್ಟು ಆ ಕೆಲಸವನ್ನೂ ನನ್ನ ತಲೆಗೆ ಕಟ್ಟಿದರು.

ಚಂದ್ರನವರೆಗೆ ನಡೆದು

ಮೊದಲು ನನ್ನ ಪಾಲಿಗೆ ಬಂದವರು ಐವರ್ನಾಡಿನ ಒಬ್ಬ ಯಜಮಾನರು. ತಿಂಗಳಿನಿಂದ ನಿದ್ದೆಯಿಲ್ಲ. ಡಾಕ್ಟ್ರು ಒಳಗಿನಿಂದ ಕಿವಿಗೊಟ್ಟು ಕೇಳುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಹಾಗಾಗಿ ಒಂದಕ್ಷರ ಬಿಡದೆ ಓದಿದೆ. ಚಂದ್ರ ಇರುವುದು ಎರಡು ಲಕ್ಷದ ನಲವತ್ತು ಸಾವಿರ ಮೈಲು ದೂರ. ದಿನಕ್ಕೆ ಇಪ್ಪತ್ತು ಮೈಲು ನಡೆದರೂ ಮುಟ್ಟಲು ಮೂವತ್ತಮೂರು ವರ್ಷ ಬೇಕು.

ಯಜಮಾನರು ಕಣ್ಣು ಮುಚ್ಚಿದರು. ಗೆದ್ದೆ ಅಂದುಕೊಂಡೆ. ಮುಚ್ಚಿದ ಕಣ್ಣಿನಲ್ಲೇ, ದಾರಿಯಲ್ಲಿ ಊಟಕ್ಕೆ ಎಂತ ವ್ಯವಸ್ಥೆ ಎಂದು ಕೇಳಿದರು. ಏನೂ ಇಲ್ಲ, ಬರೇ ಖಾಲಿ ಎಂದೆ. ನೀರು? ಅದೂ ಇಲ್ಲ. ಧಡಕ್ಕನೆ ಎದ್ದು ಕೂತರು. ತನಗೀಗ ಐವತ್ತೆಂಟು, ಮುಟ್ಟುವಾಗ ತೊಂಬತ್ತೊಂದು, ತಿರುಗಿ ಬರಲು ಮತ್ತೆ ಮೂವತ್ತಮೂರು, ಅಷ್ಟು ವರ್ಷ ತೋಟ ನೋಡಿಕೊಳ್ಳುವವರು ಯಾರು ಎಂದು ಶುರು ಮಾಡಿದರು. ನಿಮ್ಮನ್ನು ಯಾರೂ ಕಳಿಸುವುದಿಲ್ಲ ಎಂದು ನಾನು ಹೇಳಿದ್ದು ಅವರ ಕಿವಿಗೇ ಬೀಳಲಿಲ್ಲ.

ಮುಂದಿನ ವಾರ ಅವರ ಹೆಂಡತಿ ಬಂದು ಡಾಕ್ಟ್ರ ಎದುರಿಗೇ ನನ್ನನ್ನು ತರಾಟೆಗೆ ತೆಗೆದುಕೊಂಡರು.

"ಮೊದಲು ಇವರೊಬ್ಬರಿಗೇ ನಿದ್ದೆ ಇರ್ಲಿಲ್ಲ. ಈಗ ಬುತ್ತಿಗೆ ಎಂತ ಕಟ್ಟುದು ಅಂತ ನನ್ನನ್ನೂ ಎಬ್ಬಿಸ್ತಾರೆ."

ಒಣಮೀನಿನ ಸಾಹುಕಾರರು

ಕುಂಬ್ರದಲ್ಲಿ ಒಣಮೀನಿನ ವ್ಯಾಪಾರದ ಒಬ್ಬರು ಬ್ಯಾರಿ ಸಾಹುಕಾರರಿದ್ದರು. ಸುಳ್ಯಕ್ಕೆ ಬಂದವರು ಗಾಜಿನ ಚೂರು ಮೆಟ್ಟಿ ಪಾದ ಸೀಳಿಕೊಂಡರು. ಆರು ಹೊಲಿಗೆ ಬೇಕಿತ್ತು. ಡಾಕ್ಟ್ರು ಸೂಜಿ ಹಿಡಿದರು, ನಾನು ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ನೋಟುಬುಕ್ಕು ಹಿಡಿದು ಸೂರ್ಯನ ವಿಷಯ ಎತ್ತಿದೆ. ಸೂರ್ಯನ ಬೆಳಕು ನಮ್ಮನ್ನು ಮುಟ್ಟಲು ಎಂಟು ನಿಮಿಷ ಬೇಕು ಎಂದೆ.

ಸಾಹುಕಾರರಿಗೆ ಒಳ್ಳೆ ರುಚಿ ಹತ್ತಿತು. ಹಾಗಾದರೆ ಕಾಣುವುದು ಎಂಟು ನಿಮಿಷ ಹಳೆಯ ಸೂರ್ಯನಾ, ಇಷ್ಟು ವರ್ಷ ಹಳೆ ಮಾಲನ್ನೇ ತಾಜಾ ಎಂದು ನೋಡಿದ್ದಾ ಎಂದು ನಕ್ಕರು. ಕಾಲಿನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದವನು ನಾನು. ರಕ್ತ ಕಂಡದ್ದಷ್ಟೇ ನೆನಪು. ಸೂರ್ಯನ ಬಿಸಿ ಎಷ್ಟು ಎಂದು ಹೇಳುವಷ್ಟರಲ್ಲಿ ಕತ್ತರಿ ಸಮೇತ ನೆಲಕ್ಕೆ ಬಿದ್ದೆ.

ಎಚ್ಚರವಾದಾಗ ಸಾಹುಕಾರರು ಹೊಲಿಗೆ ಅರ್ಧವಾದ ಕಾಲನ್ನು ಎತ್ತಿಟ್ಟುಕೊಂಡು, ನನ್ನದೇ ನೋಟುಬುಕ್ಕಿನಿಂದ ನನಗೆ ಗಾಳಿ ಹಾಕುತ್ತಿದ್ದರು. ಡಾಕ್ಟ್ರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಇನ್ನು ಉಳಿದದ್ದು ಒಂದೇ ವಾರ, ನೆನಪಿರಲಿ ಎಂದರು ಅವರು. ಸಾಹುಕಾರರು ನನ್ನ ಪರ ನಿಂತರು.

"ಬೈಬೇಡಿ ಡಾಕ್ಟ್ರೇ. ಸೂರ್ಯನ ಹತ್ರ ಹೋಗಿ ಬಂದ ಜನ, ಮೊದಲು ಸ್ವಲ್ಪ ನೀರು ಕೊಡಿ."

ಹತ್ತು ಬೆರಳು, ಮತ್ತೆ ಎರಡು

ತಿಂಗಳ ಕೊನೆಯ ದಿನ. ಬೆಳಿಗ್ಗೆ ಹೋದರೆ ಡಾಕ್ಟ್ರ ಎಡಗೆನ್ನೆ ಬನ್ನಿನ ಹಾಗೆ ಊದಿದೆ. ದವಡೆ ಹಲ್ಲು. ಎರಡು ದಿನದಿಂದ ರೆಪ್ಪೆ ಮುಚ್ಚಿಲ್ಲ. ಪುತ್ತೂರಿನ ಹಲ್ಲು ಕೀಳುವವರು ಊರಲ್ಲಿರಲಿಲ್ಲ. ಮಂಗಳೂರಿಗೆ ಬಸ್ಸಿನಲ್ಲಿ ಕುಲುಕಿಕೊಂಡು ಹೋಗುವ ಧೈರ್ಯ ಅವರಿಗಿರಲಿಲ್ಲ. ಗೋಡೆಯ ಕನ್ನಡಿ ನೋಡಿಕೊಂಡು ಮರಗಟ್ಟಿಸುವ ಇಂಜೆಕ್ಷನ್ನನ್ನು ತಾವೇ ಹಾಕಿಕೊಂಡರು. ಆಮೇಲೆ ಇಕ್ಕಳವನ್ನು ನನ್ನ ಕೈಗಿಟ್ಟರು.

"ನೀನೇ ಕೀಳು. ಕೈ ನಡುಗಿದ್ರೆ ನಾಳೆಯಿಂದ ಬರುದು ಬೇಡ."

ಇಕ್ಕಳ ಹಲ್ಲಿಗೆ ತಾಗಿದ್ದೇ ಟಕಟಕ ಸದ್ದು. ಇಂಜೆಕ್ಷನ್ ಸರಿಯಾಗಿ ಹಿಡಿದಿರಲಿಲ್ಲವೋ ಏನೋ, ಡಾಕ್ಟ್ರು ಕುರ್ಚಿಯ ಕೈ ಬಿಗಿಹಿಡಿದು ಬೆವರುತ್ತಿದ್ದರು. ಅವರ ಮದ್ದು ಅವರಿಗೇ ಕೊಡುವ ಎಂದು ಹೊಳೆಯಿತು. ನೋಟುಬುಕ್ಕು ಆಚೆ ಮೇಜಿನಲ್ಲಿ, ಇಕ್ಕಳ ಬಿಟ್ಟು ಹೋಗುವ ಹಾಗಿಲ್ಲ. ನೆನಪಿದ್ದಷ್ಟು ಹೇಳಿದೆ. ಗುರುಗ್ರಹ ಎಲ್ಲಕ್ಕಿಂತ ದೊಡ್ಡದು ಡಾಕ್ಟ್ರೇ, ಅದಕ್ಕೆ ಎರಡು ಚಂದ್ರ.

ಡಾಕ್ಟ್ರ ಕಣ್ಣು ಅಗಲವಾಯಿತು. ತೆರೆದ ಬಾಯಿಯಿಂದ ಆಂ ಆಂ ಎಂದರು. ನೋವು ಜೋರಾಯಿತೆಂದು ತಿಳಿದು ನಾನು ಇನ್ನೂ ನಯವಾಗಿ, ಎರಡೇ ಚಂದ್ರ, ಒಂದು ದೊಡ್ಡದು, ಒಂದು ಸಣ್ಣದು ಎಂದೆ. ಅವರ ಮುಖ ಕೆಂಪಾಯಿತು. ಹತ್ತೂ ಬೆರಳು ಎತ್ತಿ ತೋರಿಸಿದರು, ಮತ್ತೆ ಎರಡು. ಹನ್ನೆರಡು ಗಂಟೆಯವರೆಗೆ ಕಾಯಲು ಹೇಳುತ್ತಿದ್ದಾರೆ ಅಂದುಕೊಂಡೆ. ಗಡಿಯಾರದಲ್ಲಿ ಆಗ ಹತ್ತೂವರೆ. ಒಂದೂವರೆ ಗಂಟೆ ಇಕ್ಕಳ ಹಿಡಿದು ನಿಲ್ಲುವುದುಂಟಾ? ಅಷ್ಟು ಹೊತ್ತು ಆಗುವುದಿಲ್ಲ ಎಂದು ಹೇಳಿ, ಅವರು ಸಿಟ್ಟಿನಲ್ಲಿ ಮತ್ತೊಮ್ಮೆ ಬೆರಳೆತ್ತುವಷ್ಟರಲ್ಲಿ ತಿರುಗಿಸಿ ಎಳೆದೇ ಬಿಟ್ಟೆ. ಬೇರು ಸಮೇತ ಬಂತು.

ಡಾಕ್ಟ್ರು ರಕ್ತ ಉಗುಳಿ ಎದ್ದು ನಿಂತರು.

"ಹನ್ನೆರಡು ಮಾರಾಯ! ಗುರುವಿಗೆ ಹನ್ನೆರಡು ಚಂದ್ರ! ಎರಡಿರುದು ಮಂಗಳನಿಗೆ!"

ಆ ಕಾಲಕ್ಕೆ ಲೆಕ್ಕಕ್ಕೆ ಸಿಕ್ಕಿದ್ದ ಚಂದ್ರರು ಅಷ್ಟೇ. ಹಲ್ಲು ಹೋದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಇಕ್ಕಳ ಎತ್ತಿ ತೋರಿಸಿದೆ. ಅವರು ಹಲ್ಲನ್ನು ಬಿಟ್ಟು ನನ್ನ ಕೈಯನ್ನು ನೋಡಿದರು. ಕೈ ಒಂದಿಷ್ಟೂ ಅಲ್ಲಾಡುತ್ತಿರಲಿಲ್ಲ. ಚಂದ್ರನೋ ಗಡಿಯಾರವೋ ಎಂಬ ಗಡಿಬಿಡಿಯಲ್ಲಿ ನನಗೆ ನಡುಗಲು ಮರೆತೇಹೋಗಿತ್ತು.

ಹತ್ತಿ ಕಚ್ಚಿ ಮಲಗಿದ ಡಾಕ್ಟ್ರು ಸಂಜೆವರೆಗೆ ಏಳಲಿಲ್ಲ. ನಾಳೆ ಬರಬೇಕೋ ಬೇಡವೋ ತಿಳಿಯದೆ ನಾನು ಬಾಗಿಲ ಬುಡದಲ್ಲೇ ಕೂತಿದ್ದೆ. ಎದ್ದವರು ಮದ್ದಿನ ಚೀಟಿ ಎಳೆದು ಬರೆದು ಕೊಟ್ಟರು. ಮೊದಲ ಸಾಲಿನಲ್ಲಿ, "ಕೆಲಸ ಖಾಯಂ." ಅದರ ಕೆಳಗೆ, "ಗುರುವಿಗೆ ಹನ್ನೆರಡು ಚಂದ್ರ. ದಿನಕ್ಕೆ ಮೂರು ಸಲ, ಊಟದ ನಂತರ."